ನಿಜಿಯಬ್ಬೆಯ ನೂರೈವತ್ತು ಮತ್ತರು

ಸವದತ್ತಿಯ ಪ್ರಾಚೀನ ನಾಮ ಸುಗಂಧವರ್ತಿ. ಇಲ್ಲಿಯ ಶಕ 902ರ, ಎಂದರೆ ಕ್ರಿ.ಶ. 980ರ ಶಾಸನವು ರಟ್ಟರ ಶಾಂತಿವರ್ಮನು ತಾನು ಕಟ್ಟಿಸಿದ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ದತ್ತಿಯಿತ್ತುದನ್ನು ತಿಳಿಸುತ್ತದೆ. ಅದೇ ಬಸದಿಗೆ ಅವನ ತಾಯಿ ನಿಜಿಯಬ್ಬೆಯೂ ಭೂದಾನ ಮಾಡಿದಳು. ಆ ಭೂಮಿಯ ಅಳತೆಯೂ 150 ಮತ್ತರು! ತಾಯಿಯ ದತ್ತಿ ಮಗನ ದತ್ತಿಯೊಳಗೆ ಕರಗಿಹೋಗದೆ ಅವಳ ಹೆಸರಿನಲ್ಲಿಯೇ ನಿಂತಿದೆ. ತನ್ನದಲ್ಲದುದನ್ನು ದಾನ ಮಾಡಲು ಬಾರದು. ಅರಮನೆಯ ಹೆಣ್ಣಿಗಿದ್ದ ಈ ಅಧಿಕಾರ ಒಕ್ಕಲುಮನೆಯ ಹೆಣ್ಣಿಗೂ ಇತ್ತೆಂದು ಹೇಳಲಾಗದು, ನಿಜ. ಆದರೂ ಸ್ತ್ರೀಗೆ ಮುಕ್ತಿಯುಂಟೆಂದು ಸಾರಿದ ಯಾಪನೀಯ ಸಂಘವು ಬಾಳಿ ಬೆಳಗಿದ ನಾಡಿನಲ್ಲಿ ಶ್ರಾವಿಕೆಯ ಕೈ ಶ್ರಾವಕನ ಕೈಗೆ ಸಮನಾಗಿದ್ದುದು ಗಮನಾರ್ಹ.

ಕಿತ್ತೂರಿನ ರಾಣಿ ಚೆನ್ನಮ್ಮನನ್ನು ನಾವು ಖಡ್ಗದೊಡನೆಯೇ ನೆನೆಯುತ್ತೇವೆ. ಕಲಹದ ಮೂಲದಲ್ಲಿದ್ದುದು ಉತ್ತರಾಧಿಕಾರದ ಪ್ರಶ್ನೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಂಡ ಮೇಲೆ ನಡೆದ ದತ್ತಕವನ್ನು ಕಂಪನಿ ಸರಕಾರ ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. 1829ರ ಫೆಬ್ರುವರಿಯಲ್ಲಿ ರಾಣಿ ಬೈಲಹೊಂಗಲದ ಸೆರೆಯಲ್ಲಿಯೇ ಅಸುನೀಗಿದಳು.

ಅರಸೊತ್ತಿಗೆಯ ಮಾತು ಹಾಗಿರಲಿ. ರಾಮದುರ್ಗದ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಹೆಂಗಸಿನ ದುಡಿಮೆ ಮಗ್ಗದ ಕೂಲಿಯೊಳಗೇ ಮುಚ್ಚಿಹೋಗುತ್ತ ಬಂದಿದೆ.

ಸವದತ್ತಿಯ ಎಲ್ಲಮ್ಮನ ಗುಡ್ಡದ ಕಥೆ ಇನ್ನೂ ವಿಚಿತ್ರವಾದುದು. ಗಂಡುಮಕ್ಕಳಿಲ್ಲದ ಬಡವರು ಮಗಳನ್ನು ದೇವಿಗೆ ಬಿಟ್ಟಾಗ ಅವಳು ಮಗನ ಸ್ಥಾನಕ್ಕೆ ಬಂದು ತಂದೆಯ ಆಸ್ತಿಗೆ ವಾರಸುದಾರಳಾಗುತ್ತಿದ್ದಳು. ಮದುವೆಯ ಬಾಗಿಲು ಮುಚ್ಚಿದವಳಿಗೆ ಮಾತ್ರ ಮಗನ ಪಾಲು! ಸಮಾಜವು ಸಮಾನತೆಗೆ ಕಟ್ಟಿದ ಬೆಲೆ ಎಷ್ಟು ಕ್ರೂರವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಪದ್ಧತಿಯನ್ನು ನಿಷೇಧಿಸಿದ ಕರ್ನಾಟಕದ ಕಾಯಿದೆ 1982ರದು. ಅದಕ್ಕಿಂತ ಹಿರಿದಾದುದು ಆ ಸ್ತ್ರೀಯರೇ ಕೈಗೊಂಡ ಕಾರ್ಯ. ಇದೇ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರು 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಬಾಲ್ಯದಲ್ಲಿಯೇ ದೇವಿಗೆ ಬಿಡಲ್ಪಟ್ಟಿದ್ದ, ಈ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.

ಮದುವೆಯಾದವಳಿಗೂ ಆಗದವಳಿಗೂ ಮಗನ ಪಾಲು ದೊರೆಯಲು ಇನ್ನೂ ಕಾಯಬೇಕಾಯಿತು. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುವುದರಿಂದ ಇದು ನಮ್ಮ ಮನೆಗಳ ಮಾತೂ ಹೌದು. ಸೋದರಿಯರಿಂದ ಹಕ್ಕುಬಿಡುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ಇನ್ನೂ ನಿಂತಿಲ್ಲ. ಅದನ್ನು ಕೆಲವರು ತ್ಯಾಗವೆಂದು ಹೊಗಳುವುದೂ ಉಂಟು. ನಿಜಿಯಬ್ಬೆ ಕೊಟ್ಟದ್ದು ಬಸದಿಗೆ, ತನ್ನ ಇಚ್ಛೆಯಿಂದ, ಮಗನಿಗಲ್ಲ.