ಮೈಲಾಪುರದ ಮಣ್ಣು ಮತ್ತು ದೆವ್ವ ಬಿಡಿಸುವ ಅಧಿಕಾರ

ಕಳೆದ ವರ್ಷ ಹತ್ತನೇ ತರಗತಿ ಮಕ್ಕಳನ್ನು ಕರ್ಕೊಂಡು ಚೆನ್ನೈ ಪ್ರವಾಸಕ್ಕೆ ಹೋಗಿದ್ದೆ. ಮೈಲಾಪುರದ ಸ್ಯಾಂಥೋಮ್ ಚರ್ಚಿನಲ್ಲಿ ನೆಲದ ಕೆಳಗಿರುವ ಸಂತ ಥಾಮಸರ ಸಮಾಧಿ ನೋಡಿ ಮೇಲೆ ಬಂದಾಗ ಒಬ್ಬ ಹುಡುಗ ಕೇಳಿದ: "ಟೀಚರ್, ನಮ್ಮ ದರ್ಗಾಗಳಲ್ಲಿ ಗಾಳಿ ಬಿಡಿಸ್ತಾರಲ್ಲ, ಇವರಲ್ಲೂ ಹಾಗೆ ಇದೆಯಾ?"

ಇದೆ. ಅದಕ್ಕೂ ಈ ಸಂತರಿಗೂ ಬಹಳ ಹಳೇ ನಂಟಿದೆ.

ಥಾಮಸರು ಈಸಾ ಅಲೈಹಿಸ್ಸಲಾಮರ ಹನ್ನೆರಡು ಶಿಷ್ಯರಲ್ಲಿ, ಅಂದರೆ ಹವಾರಿಗಳಲ್ಲಿ, ಒಬ್ಬರು. ಅವರು ಹಿಂದೂಸ್ತಾನಕ್ಕೆ ಬಂದ ಕಥೆ ಮೂರನೇ ಶತಮಾನದ ಒಂದು ಸಿರಿಯಾಕ್ ಗ್ರಂಥದಲ್ಲಿ ಸಿಗುತ್ತದೆ. ಅದರಲ್ಲಿ ಮೈಲಾಪುರದ ಹೆಸರಿಲ್ಲ. ಥಾಮಸರು ನಿಜವಾಗಿ ಬಂದಿದ್ದರೇ ಅಂತ ಇತಿಹಾಸಕಾರರಲ್ಲಿ ಇನ್ನೂ ವಾದವಿದೆ. ಕಥೆಯ ಕೊನೆ ಮಾತ್ರ ಕುತೂಹಲದ್ದು. ಅವರನ್ನು ಕೊಲ್ಲಿಸಿದ ರಾಜನ ಮಗನಿಗೇ ದೆವ್ವ ಹಿಡಿಯುತ್ತದೆ. ರಾಜ ಸಮಾಧಿ ತೆಗೆಸಿದರೆ ಅಸ್ಥಿಗಳಿಲ್ಲ, ಶಿಷ್ಯನೊಬ್ಬ ಆಗಲೇ ಪಶ್ಚಿಮಕ್ಕೆ ಒಯ್ದಿದ್ದಾನೆ. ಅಲ್ಲಿದ್ದ ಮಣ್ಣನ್ನೇ ಮಗನಿಗೆ ಕಟ್ಟುತ್ತಾನೆ, ಹುಡುಗ ಗುಣವಾಗುತ್ತಾನೆ.

ಸಾವಿರ ವರ್ಷ ಕಳೆದ ಮೇಲೆ, 13ನೇ ಶತಮಾನದ ಕೊನೆಗೆ, ಮಾರ್ಕೋ ಪೋಲೋ ಕೋರಮಂಡಲ ತೀರದ ಬಗ್ಗೆ ಬರೆಯುತ್ತಾನೆ. ಸಂತರು ಸತ್ತ ಜಾಗದ ಕೆಂಪು ಮಣ್ಣನ್ನು ಕ್ರೈಸ್ತರು ಒಯ್ದು ಚಳಿಜ್ವರದವರಿಗೆ ಕುಡಿಸುತ್ತಿದ್ದರಂತೆ. ಮುಸಲ್ಮಾನರೂ ಅಲ್ಲಿಗೆ ಜಿಯಾರತ್‌ಗೆ ಬರುತ್ತಿದ್ದರು, ಆ ಸಂತ ತಮ್ಮವರೇ, ದೊಡ್ಡ ಪ್ರವಾದಿ ಅನ್ನುತ್ತಿದ್ದರು ಅಂತಲೂ ಬರೆದಿದ್ದಾನೆ. ಇದನ್ನು ಹೇಳಿದಾಗ ಮಕ್ಕಳು ನಂಬಲೇ ಇಲ್ಲ.

ಈಗ ಅಧಿಕಾರದ ಮಾತು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಯೇಸು ಕಪೆರ್ನೌಮಿನಲ್ಲಿ ದೆವ್ವವನ್ನು ಗದರಿಸಿ ಓಡಿಸುತ್ತಾರೆ. ಜನಕ್ಕೆ ಆಶ್ಚರ್ಯ ಆದದ್ದು ಅವರು ಮಂತ್ರತಂತ್ರವಿಲ್ಲದೆ ಬರೀ ಅಪ್ಪಣೆ ಕೊಟ್ಟದ್ದಕ್ಕೆ. ಶಿಷ್ಯರಿಗೂ ಅದು ಸಿಗುತ್ತದೆ, ಆದರೆ ಅದು ಅವರ ಸ್ವಂತದ್ದಲ್ಲ. ಸ್ಕೇವನ ಏಳು ಮಕ್ಕಳ ಕಥೆ ನನ್ನ ವಿದ್ಯಾರ್ಥಿಗಳಿಗೆ ಬಹಳ ಇಷ್ಟ. ಅವರು ಯೇಸುವಿನ ಹೆಸರನ್ನು ಮಂತ್ರದ ಹಾಗೆ ಬಳಸಿಕೊಳ್ಳಲು ಹೋದರು. ದೆವ್ವ ಹಿಡಿದವನು ಏಳೂ ಜನರಿಗೆ ಹೊಡೆದು, ಬಟ್ಟೆ ಹರಿದು ಓಡಿಸಿದ!

ಚರ್ಚು ಇದನ್ನು ನಿಯಮವಾಗಿಯೂ ಮಾಡಿತು. 1614ರ ರೋಮನ್ ವಿಧಿಗ್ರಂಥ, ದೆವ್ವ ಹಿಡಿದಿದೆ ಅಂತ ಸುಲಭವಾಗಿ ನಂಬಬಾರದು ಅಂತ ಪಾದ್ರಿಗಳನ್ನು ಎಚ್ಚರಿಸುತ್ತದೆ. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ ಪ್ರಕಾರ ಬಿಷಪ್ಪರ ಅನುಮತಿ ಇಲ್ಲದೆ ಪಾದ್ರಿ ದೆವ್ವ ಬಿಡಿಸುವ ವಿಧಿ ಮಾಡುವಂತಿಲ್ಲ.

ನಮಗಿದು ಹೊಸದೇನಲ್ಲ. ಆಲಿ ಇಮ್ರಾನ್ ಸೂರಾದಲ್ಲಿ ಈಸಾ ಕುರುಡರನ್ನು, ಕುಷ್ಠರೋಗಿಗಳನ್ನು ಗುಣಪಡಿಸುವುದಾಗಿ ಹೇಳುವಲ್ಲಿ 'ಅಲ್ಲಾಹನ ಅನುಮತಿಯಿಂದ' ಅನ್ನುವ ಮಾತು ಇದ್ದೇ ಇದೆ. ನಮ್ಮ ನಾನಿ ನೀರಿಗೆ ದಮ್ ಮಾಡಿ ಕುಡಿಸಿದ ಮೇಲೆ "ಶಿಫಾ ಅಲ್ಲಾಹ್ ಕೊಡೋದು, ನಾನಲ್ಲ" ಅಂತ ಹೇಳಿ ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

ಎಲ್ಲರೂ ನಾನಿಯಂತೆ ಇರಲ್ಲ. ತಮಿಳುನಾಡಿನದೇ ಏರ್ವಾಡಿ ದರ್ಗಾಕ್ಕೆ ಮಾನಸಿಕ ರೋಗಿಗಳನ್ನು ದುಆಕ್ಕಾಗಿ ಕರೆತರುತ್ತಿದ್ದರು. ಸುತ್ತಮುತ್ತ ಖಾಸಗಿಯವರು ಅವರನ್ನು ಇಟ್ಟುಕೊಳ್ಳುವ ಗುಡಿಸಲುಗಳನ್ನು ನಡೆಸುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದಕ್ಕೆ ಬೆಂಕಿ ಬಿತ್ತು. 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗಲಿಲ್ಲ. ಸುಪ್ರೀಂ ಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡಿತು. ದುಆ ಬಯಸಿ ಬಂದವರ ಕಾಲಿಗೆ ಸರಪಳಿ ಹಾಕುವ ಅಧಿಕಾರವನ್ನು ಆ ಜನಕ್ಕೆ ಯಾರು ಕೊಟ್ಟಿದ್ದರು? ಇದನ್ನು ನಮ್ಮವರೇ ಕೇಳಬೇಕಿತ್ತು, ಬೆಂಕಿ ಬೀಳುವ ಮೊದಲೇ.

ಮಾನಸಿಕ ರೋಗಿಯನ್ನು ಯಾವುದೇ ರೂಪದಲ್ಲಿ ಸರಪಳಿಯಿಂದ ಕಟ್ಟಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ಹೇಳುತ್ತದೆ. ಬೆಂಕಿಯ ನಂತರ ಏರ್ವಾಡಿಯಿಂದ ಬಿಡಿಸಿದವರಲ್ಲಿ ಹಲವರನ್ನು ತಂದದ್ದು ಚೆನ್ನೈಗೇ, ಕಿಲ್ಪಾಕಿನ ಸರ್ಕಾರಿ ಮಾನಸಿಕ ಆಸ್ಪತ್ರೆಗೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಹುಡುಗನಿಗೆ ಇದಿಷ್ಟನ್ನೂ ಹೇಳಿದೆ.