ಬಲಿಪೀಠದ ಮುಂದಿನ ಕಮಾನು



ವಾರ್ಷಿಕ ಹಬ್ಬಕ್ಕೆ ನಮ್ಮ ಯುವಕರು ರಸ್ತೆಯಲ್ಲಿ ಬಿದಿರಿನ ದ್ವಾರ ಕಟ್ಟಿ ಮಾವಿನೆಲೆ, ತೆಂಗಿನ ಗರಿಗಳಿಂದ ಸಿಂಗರಿಸುತ್ತಾರೆ. ಅದು ತೋರಣ. ಹಳೆಯ ಚರ್ಚುಗಳೊಳಗೆ ಬಲಿಪೀಠದ ಮುಂದೆ ಬಾಗಿ ನಿಂತಿರುವುದು ಕಮಾನು. ತೋರಣ ಸಂಸ್ಕೃತದ ಮಾತು. ಕಮಾನು ಪಾರಸಿಯದು, ಬಿಲ್ಲು ಎಂದರ್ಥ. ಎರಡರ ಕೆಲಸವೂ ಬೇರೆ.

ಇದನ್ನು ತಿಳಿಯಲು ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಬೇಕು. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ ಬಸದಿಯದು. ಶಿಲೆಕಲ್ಲಿನ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರ ಹೊರುವ ಕಮಾನು ಇಲ್ಲ. ಆ ಕಾಲದವರಿಗೆ ಕಮಾನು ಗೊತ್ತಿರಲಿಲ್ಲವೆಂದಲ್ಲ. ಹಂಪಿಯ ಕಮಲ ಮಹಲಿನಲ್ಲಿ ಅಲೆಯಂಚಿನ ಸುಂದರ ಕಮಾನುಗಳಿವೆ. ಆದರೆ ಕಾರ್ಕಳದಲ್ಲಿ ಉದ್ದ ತೊಲೆ ಕೊಡುವ ಬಂಡೆಗಳೇ ಇದ್ದವು. ನಮ್ಮ ನಾಡಿನ ಗುಡಿ, ಬಸದಿಗಳಲ್ಲಿ ಮೂರ್ತಿಯ ಸುತ್ತ ಕಾಣುವ ಮಕರತೋರಣವೂ ಭಾರ ಹೊರುವಂಥದ್ದಲ್ಲ. ಅದು ಗೌರವದ ಗುರುತು.

ಮುರಕಲ್ಲಿನ ಕಥೆ ಬೇರೆ. ಅದರಲ್ಲಿ ಉದ್ದ ತೊಲೆ ಕಡಿದರೆ ನಡುವೆ ಮುರಿಯುತ್ತದೆ. ಆದ್ದರಿಂದ ಮೇಸ್ತ್ರಿಗಳು ಮರದ ಅಚ್ಚು ನಿಲ್ಲಿಸಿ, ಓರೆಯಾಗಿ ಕಡಿದ ಕಲ್ಲುಗಳನ್ನು ಎರಡು ಬದಿಯಿಂದ ಜೋಡಿಸುತ್ತ ಬಂದು, ಕೊನೆಗೆ ನೆತ್ತಿಯಲ್ಲಿ ಬೀಗದ ಕಲ್ಲು ಕೂರಿಸುತ್ತಿದ್ದರು. ಗಾರೆ ಗಟ್ಟಿಯಾದ ಮೇಲೆ ಅಚ್ಚು ತೆಗೆದರೆ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ. ಆ ಒತ್ತಡ ಹೊರಕ್ಕೆ ಸಾಗುತ್ತದೆ. ಪಕ್ಕದ ಗೋಡೆ ಅಷ್ಟು ದಪ್ಪವಿರುವುದು ಅದಕ್ಕಾಗಿ.

ಬಲಿಪೀಠದ ಮುಂದೆಯೇ ಏಕೆ? ರೋಮಿನ ಚಕ್ರವರ್ತಿಗಳು ಯುದ್ಧ ಗೆದ್ದಾಗ ವಿಜಯದ ಕಮಾನು ಕಟ್ಟಿಸುತ್ತಿದ್ದರು. ಕ್ರಿ.ಶ. 70ರಲ್ಲಿ ಜೆರುಸಲೇಮನ್ನು ಹಾಳುಮಾಡಿದ ಟೈಟಸನ ಕಮಾನಿನಲ್ಲಿ, ದೇವಾಲಯದಿಂದ ದೋಚಿದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತೊಯ್ಯುವ ಕೆತ್ತನೆ ಇಂದಿಗೂ ಇದೆ. ಧರ್ಮಸಭೆ ಅದೇ ಆಕಾರವನ್ನು ತೆಗೆದುಕೊಂಡು ಒಳಗಿರಿಸಿತು. 2025ರಲ್ಲಿ ಪೋಪ್ ಫ್ರಾನ್ಸಿಸರನ್ನು ಸಮಾಧಿ ಮಾಡಿದ ರೋಮಿನ ಸಂತ ಮರಿಯಾ ಮಜೋರೆ ಮಹಾದೇವಾಲಯದ ವಿಜಯ ಕಮಾನಿನಲ್ಲಿ, ಮೂರನೇ ಸಿಕ್ಸ್ತುಸ್ ಪೋಪರ ಕಾಲದ (432–440) ಬಣ್ಣದ ಹರಳುಗಳ ಚಿತ್ರಗಳಿವೆ. ಅಲ್ಲಿ ಸೇನಾಪತಿ ಇಲ್ಲ, ಲೂಟಿ ಇಲ್ಲ. ಬಾಲಯೇಸು ಇದ್ದಾರೆ, ಮೂವರು ಜ್ಞಾನಿಗಳು ಇದ್ದಾರೆ, ಮಕ್ಕಳನ್ನು ಕೊಲ್ಲಿಸಿದ ಹೆರೋದನೂ ಇದ್ದಾನೆ! ಇಷ್ಟು ಧೈರ್ಯದ ಚಿತ್ರ ನನಗೆ ಬೇರೆ ಗೊತ್ತಿಲ್ಲ.

ಈಗ ಕಾಂಕ್ರೀಟ್ ಸ್ಲ್ಯಾಬಿನ ಕೆಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಮಾನುಗಳು ಬರುತ್ತಿವೆ. ತಪ್ಪೇನಿಲ್ಲ, ಅವೂ ಒಂದು ಬಗೆಯ ತೋರಣವೇ. ಆದರೆ ನಿಜವಾದ ಕಮಾನನ್ನು ಕೆಡವಿ ಅದರ ಆಕಾರವನ್ನೇ ಪ್ಲಾಸ್ಟರಿನಲ್ಲಿ ತೂಗುಹಾಕುವುದು ನನಗೆ ಒಪ್ಪಿಗೆಯಾಗದು. ‘ಜಾಗ ಸಾಲದು’ ಎಂದು ದಪ್ಪ ಗೋಡೆಯನ್ನು ಕೊರೆಯುವುದು ಇನ್ನೂ ಅಪಾಯ. ಧರ್ಮಕೇಂದ್ರದ ಸಭೆಯಲ್ಲಿ ನಿರ್ಧಾರವಾಗುವ ಮೊದಲು ಒಂದಡಿ ಗಾರೆ ಕೆರೆದು, ಒಳಗೆ ಓರೆಕಲ್ಲುಗಳಿವೆಯೇ ನೋಡಿರಿ. ಇದ್ದರೆ ಸುಣ್ಣದ ಗಾರೆಯ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆಸಿರಿ.