ವಿಂಡೊ ಎಳೆದಾಗ ಕಾಯುವವರು ಯಾರು?

ಹಳೆಯ ಕಂಪ್ಯೂಟರುಗಳಲ್ಲಿ ಎಲ್ಲವೂ ಥಟ್ಟನೆ ತೆರೆದುಕೊಳ್ಳುತ್ತಿತ್ತು, ಈಗಿನವು ಎಷ್ಟು ದುಡ್ಡು ಸುರಿದರೂ ತೂಕಡಿಸುತ್ತವೆ ಎಂಬ ಮಾತು ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಪ್ರೋಗ್ರಾಮರ್ ಡ್ಯಾನ್ ಲೂ 2017ರಲ್ಲಿ ಅಳೆದು ಪ್ರಕಟಿಸಿದ ಪಟ್ಟಿಯನ್ನು ಇದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಅದರಲ್ಲಿ 1983ರ ಆಪಲ್ 2ಇ, ಕೀ ಒತ್ತಿದ 30 ಮಿಲಿಸೆಕೆಂಡಿಗೆ ಅಕ್ಷರ ಮೂಡಿಸಿ ಹೊಸ ಯಂತ್ರಗಳನ್ನು ಹಿಂದಿಕ್ಕಿತ್ತು. ಅಳತೆ ಪ್ರಾಮಾಣಿಕವಾದದ್ದೇ. ಆದರೆ ಆ ಯಂತ್ರ ಆಗ ಮಾಡುತ್ತಿದ್ದುದು ಅಕ್ಷರ ಮೂಡಿಸುವ ಕೆಲಸ ಮಾತ್ರ. ಅಲ್ಲಿ ಒಂದರ ಮೇಲೊಂದು ಕೂತ ವಿಂಡೊಗಳಿರಲಿಲ್ಲ. ಇನ್ನೊಂದು ಪಕ್ಷದವರು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಾಕು, ಉಳಿದದ್ದೆಲ್ಲ ಹಳಹಳಿಕೆ ಎನ್ನುತ್ತಾರೆ. ಇಬ್ಬರೂ ಮುಖ್ಯ ಪ್ರಶ್ನೆಯನ್ನು ಬಿಟ್ಟಿದ್ದಾರೆ. ಮೇಲಿನ ವಿಂಡೊ ಸರಿದಾಗ ಅಡಿಯಿಂದ ಹೊರಬೀಳುವ ಜಾಗವನ್ನು ತುಂಬುವ ಹೊಣೆ ಯಾರದು? ಅದು ತುಂಬುವ ತನಕ ಯಾರು ಕಾಯಬೇಕು?

ಆರಂಭದ ಕಥೆ ಬಹುಮಟ್ಟಿಗೆ ಗೊತ್ತಿರುವಂಥದ್ದು. ಪರದೆಯ ಒಂದು ಆಯತವನ್ನು ಒಂದೇ ಏಟಿಗೆ ಇನ್ನೊಂದೆಡೆಗೆ ನಕಲಿಸುವ ಬಿಟ್‌ಬ್ಲಿಟ್ ಅನ್ನು ಜೆರಾಕ್ಸ್ ಪಾರ್ಕ್‌ನಲ್ಲಿ ಡ್ಯಾನ್ ಇಂಗಾಲ್ಸ್ 1970ರ ದಶಕದ ನಡುವೆ ರೂಪಿಸಿದರು. 1984ರ ಮ್ಯಾಕಿಂಟಾಷ್‌ಗೆ ಇದ್ದದ್ದು 128 ಕಿಲೋಬೈಟ್ ಮೆಮೊರಿ. ಮುಚ್ಚಿಹೋದ ಭಾಗಗಳ ಪ್ರತಿ ಇಟ್ಟುಕೊಳ್ಳಲು ಅಲ್ಲಿ ಜಾಗವಿರಲಿಲ್ಲ. ಹಾಗಾಗಿ ಬಿಲ್ ಅಟ್ಕಿನ್ಸನ್ ಅವರ ಕ್ವಿಕ್‌ಡ್ರಾ ಯಾವ ಭಾಗ ತೆರೆದುಕೊಂಡಿದೆ ಎಂದು ಜಾಣತನದಿಂದ ಲೆಕ್ಕ ಹಾಕುತ್ತಿತ್ತು. ಅಷ್ಟನ್ನು ಮತ್ತೆ ಬರೆಯುವುದು ಪ್ರೋಗ್ರಾಮಿನ ಪಾಲಿಗಿತ್ತು. ವಿಂಡೋಸ್ 1985ರಲ್ಲಿ ವಿಂಡೊಗಳನ್ನು ಅಕ್ಕಪಕ್ಕ ಜೋಡಿಸಿ ಈ ತೊಡಕನ್ನು ತಪ್ಪಿಸಿಕೊಂಡಿತು. 1987ರ ಎರಡನೆಯ ಆವೃತ್ತಿಯಿಂದ ಅದೂ ಮ್ಯಾಕ್‌ನ ದಾರಿ ಹಿಡಿಯಿತು.

ಪ್ರೋಗ್ರಾಮಿನ ಮೇಲೆ ಹೊಣೆ ಹಾಕಿದರೆ ಏನಾಗುತ್ತದೆ ಎಂಬುದನ್ನು ತೊಂಬತ್ತರ ದಶಕದಲ್ಲಿ ಕೆಲಸ ಮಾಡಿದವರೆಲ್ಲ ಕಣ್ಣಾರೆ ಕಂಡಿದ್ದೇವೆ. ಒಂದು ಪ್ರೋಗ್ರಾಮ್ ಹ್ಯಾಂಗ್ ಆದಾಗ ಅದರ ಮೇಲೆ ಇನ್ನೊಂದು ಸಣ್ಣ ವಿಂಡೊವನ್ನು ಎಳೆದರೆ, ಹೋದ ದಾರಿಯುದ್ದಕ್ಕೂ ಆ ವಿಂಡೊದ ಪಡಿಯಚ್ಚುಗಳು ಉಳಿಯುತ್ತಿದ್ದವು. 'ಈ ಭಾಗ ಮತ್ತೆ ಬರಿ' ಎಂಬ ಸಂದೇಶ ಪ್ರೋಗ್ರಾಮಿನ ಸರದಿಯಲ್ಲಿ ಬಿದ್ದಿರುತ್ತಿತ್ತು, ತೆರೆದು ನೋಡುವವರಿರಲಿಲ್ಲ. 1991ರ ಎಸ್3 ಚಿಪ್‌ನಂಥ ವೇಗವರ್ಧಕಗಳು ನಕಲು ಮಾಡುವ, ಬಣ್ಣ ತುಂಬುವ ಕೆಲಸವನ್ನು ಹಗುರ ಮಾಡಿದವು. 1996ರ ವಿಂಡೋಸ್ ಎನ್‌ಟಿ 4.0 ಚಿತ್ರ ಬರೆಯುವ ಭಾಗವನ್ನೇ ವ್ಯವಸ್ಥೆಯ ತಿರುಳಾದ ಕರ್ನಲ್ಲಿನೊಳಗೆ ಎಳೆದುಕೊಂಡಿತು. ವೇಗಕ್ಕಾಗಿ ಭದ್ರತೆಯನ್ನು ಅಡವಿಟ್ಟ ಆ ನಿರ್ಧಾರ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಇಷ್ಟೆಲ್ಲ ಆದರೂ ಸಂದೇಶವನ್ನು ತೆರೆಯದ ಪ್ರೋಗ್ರಾಮಿಗೆ ಯಾವ ಚಿಪ್ಪೂ ಮದ್ದಾಗಲಿಲ್ಲ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡ ಪರಂಪರೆ ಬೇರೆ ಇತ್ತು. ಅದರ ಬಗ್ಗೆ ಬರೆಯುವವರು ಇಂದು ಕಡಿಮೆ. 1985ರ ಅಮಿಗಾ ಕಂಪ್ಯೂಟರಿನಲ್ಲಿ ವಿಂಡೊ ತೆರೆಯುವಾಗಲೇ ಪ್ರೋಗ್ರಾಮರ್ ಆಯ್ಕೆ ಮಾಡಬೇಕಿತ್ತು: ಮುಚ್ಚಿದ ಭಾಗವನ್ನು ನಾನೇ ಮತ್ತೆ ಬರೆಯುತ್ತೇನೆ ಎನ್ನಬಹುದು, ವ್ಯವಸ್ಥೆಯೇ ಕಾಪಿಡಲಿ ಎನ್ನಬಹುದು, ಇಲ್ಲವೇ ಇಡೀ ಚಿತ್ರಕ್ಕೆ ಬೇರೆ ಜಾಗ ಕೇಳಬಹುದು. ಮೌಸ್‌ನ ಚಲನೆಯನ್ನು ಗಮನಿಸುವ ಕೆಲಸ ಸಾಮಾನ್ಯ ಪ್ರೋಗ್ರಾಮುಗಳಿಗಿಂತ ಮೇಲಿನ ಆದ್ಯತೆಯಲ್ಲಿ ನಡೆಯುತ್ತಿತ್ತು. ಪ್ರೋಗ್ರಾಮ್ ಲೆಕ್ಕದಲ್ಲಿ ಮುಳುಗಿದ್ದರೂ ಅದರ ವಿಂಡೊ ಹಿಡಿದು ಪಕ್ಕಕ್ಕೆ ಸರಿಸಬಹುದಿತ್ತು. ಪ್ರೊಸೆಸರಿನ ವೇಗ ಏಳು ಮೆಗಾಹರ್ಟ್ಸ್ ಚಿಲ್ಲರೆ, ಅಷ್ಟೇ.

ಇದೇ ಆಲೋಚನೆಯನ್ನು ಇನ್ನೂ ಮುಂದಕ್ಕೆ ಒಯ್ದದ್ದು ಬಿಓಎಸ್. ಜಾನ್ ಲೂಯಿ ಗಸ್ಸೆ 1990ರಲ್ಲಿ ಕಟ್ಟಿದ ಬಿ ಕಂಪನಿಯ ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ವಿಂಡೊಗೂ ತನ್ನದೇ ಥ್ರೆಡ್, ಅಂದರೆ ಸ್ವತಂತ್ರವಾಗಿ ಓಡುವ ಕೆಲಸದ ಎಳೆ. ಫೈಲು ಓದುವ ಕೆಲಸ ಒಂದು ಕಡೆ ಸಿಕ್ಕಿಬಿದ್ದರೂ ವಿಂಡೊ ತನ್ನ ಪಾಡಿಗೆ ಬರೆದುಕೊಳ್ಳುತ್ತಿತ್ತು. 2000ದಲ್ಲಿ ಅದರ ಐದನೆಯ ಆವೃತ್ತಿ ಉಚಿತವಾಗಿ ಸಿಕ್ಕಾಗ ಸಾಧಾರಣ ಪೆಂಟಿಯಂ ಮೇಲೆ ಹಾಕಿ ನೋಡಿದ್ದೆವು. ಹಲವು ವಿಡಿಯೊಗಳು ಓಡುತ್ತಿರುವಾಗಲೇ ವಿಂಡೊ ಎಳೆದರೆ ಅದು ಮೌಸ್‌ನ ಬೆನ್ನಿಗೇ ಬರುತ್ತಿತ್ತು. ಅದೇ ಯಂತ್ರದಲ್ಲಿ ವಿಂಡೋಸ್ ಹಾಗೆ ನಡೆದುಕೊಳ್ಳುತ್ತಿರಲಿಲ್ಲ. ಪ್ರೋಗ್ರಾಮರುಗಳಿಗೆ ಇದು ತ್ರಾಸದ ಕೆಲಸವಾಗಿತ್ತು ನಿಜ. ಥ್ರೆಡ್ಡುಗಳು ಒಂದಕ್ಕೊಂದು ಕಾಯುತ್ತ ನಿಂತುಬಿಡುವ ಅಪಾಯ ಹೆಜ್ಜೆಹೆಜ್ಜೆಗೂ ಇತ್ತು. ಆದರೆ ಆ ಕಷ್ಟವನ್ನು ಬರೆಯುವವನು ಪಡುತ್ತಿದ್ದ, ಬಳಸುವವನು ಪಡುತ್ತಿರಲಿಲ್ಲ. 2001ರಲ್ಲಿ ಪಾಮ್ ಆ ಕಂಪನಿಯ ಆಸ್ತಿಯನ್ನು ಕೊಂಡಿತು. ಉತ್ಸಾಹಿಗಳು ಅದೇ ವರ್ಷ ಶುರು ಮಾಡಿದ ಹೈಕು ಇಂದಿಗೂ ಅದೇ ವಿನ್ಯಾಸವನ್ನು ಉಳಿಸಿಕೊಂಡಿದೆ.

ಲಿನಕ್ಸ್‌ನ ಎಕ್ಸ್ ವಿಂಡೊ ವ್ಯವಸ್ಥೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಅದನ್ನು ನೆಟ್‌ವರ್ಕಿಗಾಗಿ ಮಾಡಿದ್ದು, ಅದಕ್ಕೇ ನಿಧಾನ ಎನ್ನುತ್ತಾರೆ. ಒಂದೇ ಯಂತ್ರದೊಳಗೆ ಚಿತ್ರಗಳು ಹಂಚಿಕೊಂಡ ಮೆಮೊರಿಯ ಮೂಲಕವೇ ದಾಟಬಲ್ಲವು, ನೆಟ್‌ವರ್ಕ್ ಮಧ್ಯೆ ಬರುವುದೇ ಇಲ್ಲ. ಕಣ್ಣಿಗೆ ಕಾಣುತ್ತಿದ್ದ ತಡವರಿಕೆಯ ಕಾರಣ ಬೇರೆ. ವಿಂಡೊದ ಚೌಕಟ್ಟನ್ನು ಬರೆಯುವವರು ಒಬ್ಬರು, ಒಳಗಿನದನ್ನು ಬರೆಯುವವರು ಇನ್ನೊಬ್ಬರು. ಮೂಲೆ ಹಿಡಿದು ಎಳೆದರೆ ಚೌಕಟ್ಟು ಮುಂದೆ, ಒಳಗಿನ ಚಿತ್ರ ಹಿಂದೆ. ಮೇಲಾಗಿ 2000ದ ನಂತರ ಅಂಚು ನಯವಾದ ಅಕ್ಷರಗಳು ಬಂದವು. ಅವನ್ನು ಬರೆಯಲು ಹಿಂದಿರುವ ಬಣ್ಣವನ್ನು ಓದಬೇಕು, ಆದರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಬರೆಯುವುದಕ್ಕಿಂತ ಅಲ್ಲಿಂದ ಓದುವುದು ಬಹಳ ನಿಧಾನ. ಡ್ರೈವರ್ ಸರಿಯಿಲ್ಲದ ಕಡೆ ಪುಟ ಸರಿಸಿದರೆ ಸಾಲುಗಳು ಒಂದೊಂದಾಗಿ ಮೂಡುವುದು ಕಾಣುತ್ತಿತ್ತು.

ಆಮೇಲೆ ಬಂದದ್ದು ಕಂಪಾಸಿಟರ್ ಯುಗ. ಪ್ರತಿ ವಿಂಡೊದ ಪೂರ್ತಿ ಚಿತ್ರವನ್ನು ವ್ಯವಸ್ಥೆ ಇಟ್ಟುಕೊಂಡು, ಕೊನೆಗೆ ಎಲ್ಲವನ್ನೂ ಒಂದರ ಮೇಲೊಂದು ಹರಡಿ ತೋರಿಸುತ್ತದೆ. ಮ್ಯಾಕ್ ಓಎಸ್ ಎಕ್ಸ್ 2001ರಲ್ಲಿ ಇದನ್ನು ಪ್ರೊಸೆಸರಿನಿಂದಲೇ ಮಾಡಿಸಿ ಏದುಸಿರು ಬಿಟ್ಟಿತು. 2002ರಲ್ಲಿ ಕ್ವಾರ್ಟ್ಜ್ ಎಕ್ಸ್‌ಟ್ರೀಮ್ ಆ ಭಾರವನ್ನು ಗ್ರಾಫಿಕ್ಸ್ ಕಾರ್ಡಿಗೆ ದಾಟಿಸಿತು. ವಿಂಡೋಸ್ ವಿಸ್ಟಾ ಒಂದೊಂದು ವಿಂಡೊಗೆ ಎರಡೆರಡು ಪ್ರತಿ ಇಡುತ್ತಿತ್ತು, ಹಳೆಯ ಚಿತ್ರಣ ವಿಧಾನಕ್ಕಿದ್ದ ವೇಗವರ್ಧನೆಯನ್ನೂ ಕಳೆದುಕೊಂಡಿತ್ತು. 2009ರ ವಿಂಡೋಸ್ 7 ಅದನ್ನು ತಕ್ಕಮಟ್ಟಿಗೆ ತಿದ್ದಿತು. ಕ್ರಿಸ್ಟಿಯಾನ್ ಹೋಗ್ಸ್‌ಬರ್ಗ್ 2008ರಲ್ಲಿ ಎಕ್ಸ್ ಬದಲಿಗೆ ಆರಂಭಿಸಿದ ವೇಲ್ಯಾಂಡ್ ಅರೆಬರೆ ಚಿತ್ರ ಪರದೆಗೆ ಬರಲೇಬಾರದು ಎಂಬ ನಿಯಮ ಹಾಕಿಕೊಂಡಿತು. ಪಡಿಯಚ್ಚುಗಳ ಕಾಟ ಮುಗಿಯಿತು. ಇದಕ್ಕೆ ತೆತ್ತದ್ದು ಕಾಲ: ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಸರದಿ ತಪ್ಪಿದರೆ ಸುಮಾರು 16.7 ಮಿಲಿಸೆಕೆಂಡು ಹೋಯಿತು. 1984ರ ಮ್ಯಾಕ್‌ನ ಇಡೀ ಪರದೆ 22 ಸಾವಿರ ಬೈಟ್‌ಗಿಂತ ಕಡಿಮೆಯಲ್ಲಿ ಹಿಡಿಯುತ್ತಿತ್ತು. 4ಕೆ ಪರದೆಯ ಒಂದೊಂದು ಚಿತ್ರಕ್ಕೂ ಸುಮಾರು 33 ಮೆಗಾಬೈಟ್ ಬೇಕು.

ಹಾಗಿದ್ದೂ ಸ್ತಬ್ಧವಾದ ಪ್ರೋಗ್ರಾಮಿನ ಸಮಸ್ಯೆ ಹಿಂಬಾಗಿಲಿನಿಂದ ವಾಪಸು ಬಂದಿದೆ. ವೇಲ್ಯಾಂಡ್ ಮೇಲಿನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಶೀರ್ಷಿಕೆ ಪಟ್ಟಿಯನ್ನೂ ಪ್ರೋಗ್ರಾಮೇ ಬರೆಯಬೇಕು. ಅದು ಹ್ಯಾಂಗ್ ಆದರೆ ಪಟ್ಟಿ ಹಿಡಿದು ವಿಂಡೊ ಸರಿಸಲು ಬರುವುದಿಲ್ಲ. ಅಮಿಗಾದಲ್ಲಿ ಬರುತ್ತಿತ್ತು. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ಆ ಪಟ್ಟಿಯನ್ನು ತಾನೇ ಬರೆಯುತ್ತದೆ, ಅದೇ ಸರಿ.

ಗಾತ್ರ ಬದಲಿಸುವುದು ಇನ್ನೂ ಬಗೆಹರಿಯದ ವಿಷಯ. ವಿಂಡೊ ಸರಿಸಿದರೆ ಇಟ್ಟುಕೊಂಡ ಚಿತ್ರವೇ ಸಾಕು. ಅಂಚು ಎಳೆದರೆ ಪ್ರೋಗ್ರಾಮ್ ಎಲ್ಲವನ್ನೂ ಹೊಸದಾಗಿ ಬರೆಯಲೇಬೇಕು, ಯಾವ ಕಾರ್ಡಾದರೂ ಅದಕ್ಕೆ ಕಾಯಬೇಕು. ಸಾಲುಗಳು ಮತ್ತೆ ಮುರಿಯುತ್ತವೆ, ಕನ್ನಡದಲ್ಲಂತೂ ಕೆಲಸ ಇನ್ನಷ್ಟು. 'ಸ್ತ್ರೀ' ಎಂಬಲ್ಲಿ ಯೂನಿಕೋಡ್‌ನ ಆರು ಸಂಕೇತಗಳನ್ನು ಕೂಡಿಸಿ, ಒತ್ತಕ್ಷರಗಳನ್ನು ಕೂರಿಸಿ, ಒಂದು ಅಕ್ಷರ ಮಾಡಬೇಕು. ಕೂಡಿಸಿದ ಪದಗಳನ್ನು ನೆನಪಿಟ್ಟುಕೊಂಡು ಮತ್ತೆ ಬಳಸುವ ಉಪಾಯ ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ಇದೆ. ಎಲ್ಲ ಪ್ರೋಗ್ರಾಮುಗಳೂ ಅಷ್ಟು ಎಚ್ಚರ ವಹಿಸುವುದಿಲ್ಲ. ವೇಗದ ಪರೀಕ್ಷೆಗಳೆಂದು ನಾನು ಇಷ್ಟು ವರ್ಷ ಓದುತ್ತ ಬಂದಿರುವುದೆಲ್ಲ ಇಂಗ್ಲಿಷ್ ಪಠ್ಯದ ಮೇಲೆ ನಡೆದವು, ಅವುಗಳಲ್ಲೂ ಅಂಚು ಎಳೆದು ನೋಡಿದವು ಅಪರೂಪ. ಉದ್ದನೆಯ ಕನ್ನಡ ಕಡತವೊಂದನ್ನು ತೆರೆದು, ಬಲ ಅಂಚನ್ನು ಒಳಕ್ಕೆ ಎಳೆದು, ಕೊನೆಯ ಸಾಲು ಸರಿಯಾಗಿ ಕೂರುವವರೆಗೆ ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅಳೆಯಲು ಬೇಕಾದ ಸಲಕರಣೆ ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನ್ ಕ್ಯಾಮೆರಾ ಮಾತ್ರ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಮುಗಿಸಬಹುದಾದ ಪ್ರಾಜೆಕ್ಟ್ ಅದು.